ಬಿಯರ್ಡೆಡ್ ಡ್ರ್ಯಾಗನ್‌ಗೆ ಹುಷಾರಿಲ್ಲದಾಗ: ಚಿಕ್ಕಮಗಳೂರು, ಹಾಸನದಲ್ಲಿ ಸಾಕುವವರಿಗೆ ಮಾರ್ಗದರ್ಶಿ

ಚಿಕ್ಕಮಗಳೂರಿನಲ್ಲಿ ನಾಯಿಗೆ ಜ್ವರ ಬಂದರೆ, ಹಸು ಮೇವು ಬಿಟ್ಟರೆ ಎಲ್ಲಿಗೆ ಹೋಗಬೇಕು ಅಂತ ಎಲ್ಲರಿಗೂ ಗೊತ್ತು. ಓತಿಕ್ಯಾತದ ಜಾತಿಯ ಬಿಯರ್ಡೆಡ್ ಡ್ರ್ಯಾಗನ್ ಊಟ ಬಿಟ್ಟರೆ ಮಾತ್ರ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ಇಂಥ ಪ್ರಾಣಿಗಳನ್ನು ದಿನಾ ನೋಡುವ ವೈದ್ಯರು ಬೇಕೆಂದರೆ ಬೆಂಗಳೂರಿನ ಕಡೆ ಮುಖ ಮಾಡಬೇಕು. ಅದು ಇಲ್ಲಿಂದ ಸುಮಾರು 240 ಕಿಲೋಮೀಟರ್, ಹಾಸನದಿಂದ 180ರ ಆಸುಪಾಸು. ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಊರಿನ ಪಶುವೈದ್ಯರು ಕೈಯಲ್ಲಿ ಹಿಡಿದು ನೋಡುತ್ತಾರೆ, ದೂರದ ತಜ್ಞರು ಫೋನಿನಲ್ಲಿ ದಾರಿ ಹೇಳುತ್ತಾರೆ. ಇಬ್ಬರಿಗೂ ಬೇಕಾದ ಲೆಕ್ಕ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕು, ಅಷ್ಟೇ. ಈ ಬರಹದಲ್ಲಿ ಔಷಧದ ಡೋಸ್ ಹೇಳುವುದಿಲ್ಲ. ಅದು ವೈದ್ಯರ ಕೆಲಸ. ಮಿಕ್ಕ ಕೆಲಸವೆಲ್ಲ ನಿಮ್ಮದು, ಅದು ಕಮ್ಮಿಯೇನೂ ಇಲ್ಲ.

ಮೊದಲು ಪೆಟ್ಟಿಗೆ ನೋಡಿ

ಇದು ಆಸ್ಟ್ರೇಲಿಯಾದ ಒಣ ಒಳನಾಡಿನ ಪ್ರಾಣಿ. ಮೈಯ ಬಿಸಿಯನ್ನು ತಾನೇ ಮಾಡಿಕೊಳ್ಳಲಾರದು, ಹೊರಗಿಂದ ತೆಗೆದುಕೊಳ್ಳಬೇಕು. ತಿಂದದ್ದು ಅರಗುವುದು, ಸೋಂಕಿನ ಜೊತೆ ಮೈ ಹೋರಾಡುವುದು, ಕೊಟ್ಟ ಔಷಧ ಕೆಲಸ ಮಾಡುವುದು ಎಲ್ಲವೂ ಈ ಬಿಸಿಯ ಮೇಲೆ ನಿಂತಿದೆ. ನಮ್ಮ ಊರುಗಳು ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಚಳಿಗಾಲದ ರಾತ್ರಿ ಹೆಂಚಿನ ಮನೆ ತಣ್ಣಗಾಗುತ್ತದೆ. ಮರುಭೂಮಿಯ ಪ್ರಾಣಿಗೆ ಇದಕ್ಕಿಂತ ತದ್ವಿರುದ್ಧ ಜಾಗ ಸಿಗುವುದು ಕಷ್ಟ. ಆದ್ದರಿಂದ ಡಲ್ ಆಗಿದೆ ಅನಿಸಿದ ಕೂಡಲೇ ಮೊದಲು ಅಳೆಯಬೇಕಾದ್ದು ಅದನ್ನು ಸಾಕುವ ಪೆಟ್ಟಿಗೆಯ ಬಿಸಿ.

ಬಿಸಿಲು ಕಾಯುವ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣನೆಯ ತುದಿ 24ರಿಂದ 28. ರಾತ್ರಿ ಆರೋಗ್ಯವಾಗಿರುವ ಪ್ರಾಣಿಗೆ 20ರ ಹತ್ತಿರ ಇಳಿದರೂ ನಡೆಯುತ್ತದೆ. ಕಾಯಿಲೆ ಬಿದ್ದದ್ದಕ್ಕೆ 24ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಕೋವಿಡ್ ಕಾಲದಲ್ಲಿ ತಂದ ಹಣೆಯ ಥರ್ಮಾಮೀಟರ್ ಗನ್ ಇದೆಯಲ್ಲ ಅಂತ ಅದನ್ನೇ ಹಿಡಿಯಬೇಡಿ. ಅದು ಮನುಷ್ಯರ ಜ್ವರಕ್ಕೆ ಮಾಡಿದ್ದು, ಕಲ್ಲಿಗೆ ಹಿಡಿದರೆ ಸುಳ್ಳು ಹೇಳುತ್ತದೆ. ಎಲೆಕ್ಟ್ರಿಕಲ್ ಕೆಲಸದವರು ಬಳಸುವ ಇನ್‌ಫ್ರಾರೆಡ್ ಗನ್ ಬೇಕು, ಅಥವಾ ವೈರಿನ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್. ಪ್ರೋಬನ್ನು ಗೋಡೆಗೆ ಅಂಟಿಸಬೇಡಿ. ಪ್ರಾಣಿ ಹೊಟ್ಟೆ ಇಡುವ ಜಾಗದಲ್ಲೇ ಇಡಿ.

ತೇವಾಂಶ 30ರಿಂದ 40 ಶೇಕಡ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಇದನ್ನು ಹಿಡಿದಿಡುವುದು ದೊಡ್ಡ ಸಾಹಸ. ನೀರಿನ ಬಟ್ಟಲನ್ನು ದಿನವಿಡೀ ಒಳಗಿಡಬೇಡಿ. ಹಾಸು ಒದ್ದೆಯಾದರೆ ತಕ್ಷಣ ಬದಲಿಸಿ. ಪೆಟ್ಟಿಗೆಯ ಮೇಲೂ ಪಕ್ಕದಲ್ಲೂ ಗಾಳಿ ಆಡಲಿ. ಮರಳು, ಹೊಟ್ಟು ಇದ್ದರೆ ಕಾಯಿಲೆ ವಾಸಿಯಾಗುವವರೆಗೆ ತೆಗೆದು ಹಳೇ ನ್ಯೂಸ್ ಪೇಪರ್ ಹಾಕಿ. ಹಿಕ್ಕೆ ಹೇಗಿದೆ ಅಂತ ಕಾಣುವುದೂ ಆಗಲೇ.

ಇನ್ನು ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ದೀಪ. ಬೆಳಕು ಬರುತ್ತಿದೆ ಅಂದ ಮಾತ್ರಕ್ಕೆ ಯುವಿಬಿ ಬರುತ್ತಿದೆ ಅಂತಲ್ಲ. ಟ್ಯೂಬ್ ಉರಿಯುತ್ತಲೇ ಇರುತ್ತದೆ, ಯುವಿಬಿ ಮಾತ್ರ ಕುಸಿದಿರುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಿಸಬೇಕು. ಹಾಕಿದ ದಿನವನ್ನು ಟ್ಯೂಬಿನ ಪಕ್ಕದಲ್ಲೇ ಮಾರ್ಕರ್‌ನಲ್ಲಿ ಬರೆದಿಡಿ. ನಡುವೆ ಗಾಜಿದ್ದರೆ ಯುವಿಬಿ ಬಹುತೇಕ ಒಳಗೆ ಬರುವುದೇ ಇಲ್ಲ. ಕಿಟಕಿ ಪಕ್ಕದ ಬಿಸಿಲು ಲೆಕ್ಕಕ್ಕಿಲ್ಲ ಅನ್ನುವುದು ಇದಕ್ಕೇ.

ಕರೆಂಟ್ ಹೋಗುವುದು ಮಳೆಗಾಲದ ಮಾಮೂಲಿ. ಮನೆಯಲ್ಲಿ ಯುಪಿಎಸ್ ಇದ್ದರೆ ಟಿವಿ ಲೈನ್ ತೆಗೆದು ಸೆರಾಮಿಕ್ ಹೀಟರಿಗೆ ಕೊಡಿ. ಇಲ್ಲದಿದ್ದರೆ ಬಿಸಿನೀರಿನ ಬಾಟಲಿಗೆ ದಪ್ಪ ಟವೆಲ್ ಸುತ್ತಿ, ಪ್ರಾಣಿಯ ಮೈಗೆ ತಾಗದ ಹಾಗೆ ಇಡಿ. ಅಜ್ಜಿಯರು ಅಗ್ಗಿಷ್ಟಿಕೆ ಹತ್ತಿರ ಇಡು ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಬೇಡ. ಹೊಗೆ ಇದರ ಶ್ವಾಸಕೋಶಕ್ಕೆ ಆಗುವುದಿಲ್ಲ. ಸೊಳ್ಳೆ ಬತ್ತಿಯೂ ಆ ಕೋಣೆಯಲ್ಲಿ ಬೇಡ.

ಇಷ್ಟು ಸರಿ ಮಾಡಿದರೆ ಎರಡು ಮೂರು ದಿನದಲ್ಲಿ ಚುರುಕಾಗುವ ಪ್ರಾಣಿಗಳೂ ಇವೆ. ಆಗದಿದ್ದರೆ ಮುಂದೆ ಓದಿ.

ಸೋಮಾರಿಯೋ, ಕಾಯಿಲೆಯೋ

ಕಲ್ಲಿನ ಮೇಲೆ ಬಾಯಿ ತೆರೆದು ಕೂತರೆ ಗಾಬರಿ ಬೇಡ, ಜಾಸ್ತಿಯಾದ ಬಿಸಿಯನ್ನು ಹೊರಗೆ ಬಿಡುತ್ತಿದೆ. ಅದೇ ತಣ್ಣನೆಯ ಮೂಲೆಯಲ್ಲಿ ಬಾಯಿ ತೆರೆದು, ತಲೆ ಎತ್ತಿ, ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ, ಬಾಯಲ್ಲಿ ಲೋಳೆ ಕಂಡರೆ, ಅದು ಉಸಿರಾಟದ ಸೋಂಕು ಇರಬಹುದು. ಬೆಳಿಗ್ಗೆ ಮೈ ಕಪ್ಪಗಿರುವುದು ಬಿಸಿಲು ಹೀರಲು. ದಿನವಿಡೀ ಗಡ್ಡ, ಅಂದರೆ ಗಂಟಲಿನ ಕೆಳಗಿನ ಚರ್ಮ, ಕಪ್ಪಗೇ ಇದ್ದರೆ ನೋವಿರಬಹುದು.

ಚಳಿಗಾಲದಲ್ಲಿ ದೊಡ್ಡ ಪ್ರಾಣಿಗಳು ವಾರಗಟ್ಟಲೆ ಮಂಕಾಗಿ ಮಲಗುತ್ತವೆ. ಊಟ ಬಿಡುತ್ತವೆ. ಇದು ಸಹಜ. ಆದರೆ ಹೀಗೆ ಮಲಗಿದ ಪ್ರಾಣಿಯ ತೂಕ ಹೆಚ್ಚು ಕಮ್ಮಿ ಹಾಗೇ ಉಳಿಯುತ್ತದೆ. ಕಾಯಿಲೆಯದ್ದು ಇಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ತೂಕ ಹೋಗಿದ್ದರೆ, ಅಂದರೆ 400 ಗ್ರಾಂ ಇದ್ದದ್ದು 360ಕ್ಕೆ ಬಂದಿದ್ದರೆ, ಚಳಿಗಾಲದ ನಿದ್ದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಒಂದು ವರ್ಷ ತುಂಬದ ಮರಿ ಹೀಗೆ ಮಲಗಿದರೆ ತೋರಿಸಲೇಬೇಕು.

ಹಿಕ್ಕೆಯ ಜೊತೆ ಬರುವ ಬಿಳಿ ಭಾಗವನ್ನು ಗಮನಿಸಿ. ಬೆಳ್ಳಗೆ ಮೆತ್ತಗಿದ್ದರೆ ಸರಿ. ಹಳದಿಯಾಗಿ, ಗಟ್ಟಿಯಾಗಿ, ಸುಣ್ಣದ ಕಲ್ಲಿನ ಹಾಗೆ ಆದರೆ ಮೈಯಲ್ಲಿ ನೀರು ಕಮ್ಮಿ.

ಕಾಯದೆ ಹೊರಡಬೇಕಾದ ಲಕ್ಷಣಗಳು ಇವು: ಕೈಗೆತ್ತಿಕೊಂಡರೂ ಜೋತು ಬಿದ್ದಿರುವುದು, ಕಾಲು ಬೆರಳು ಅದುರುವುದು ಅಥವಾ ಫಿಟ್ಸ್, ಹಿಂಗಾಲು ಎಳೆಯುವುದು, ಗುದದ್ವಾರದಿಂದ ಕೆಂಪು ಮಾಂಸ ಹೊರಬಂದಿರುವುದು, ಸುಟ್ಟ ಗಾಯ, ಹೆಣ್ಣು ಪ್ರಾಣಿ ತಿಣುಕುತ್ತಿದ್ದರೂ ಮೊಟ್ಟೆ ಬಾರದಿರುವುದು. ಗಂಡು ಜೊತೆಗಿಲ್ಲದಿದ್ದರೂ ಹೆಣ್ಣು ಮೊಟ್ಟೆ ಕಟ್ಟುತ್ತದೆ, ಇದನ್ನು ಮರೆಯಬೇಡಿ. ಮಾಂಸ ಹೊರಬಂದಿದ್ದರೆ ಒಳಗೆ ತಳ್ಳಲು ಹೋಗಬೇಡಿ. ಮೆಡಿಕಲ್ ಸ್ಟೋರಿನ ಸಲೈನಿನಲ್ಲಿ ಗಾಜ್ ಬಟ್ಟೆ ನೆನೆಸಿ ಸುತ್ತಿ, ಒಣಗಲು ಬಿಡದೆ ಕರೆದೊಯ್ಯಿರಿ.

ಮಿಂಚುಹುಳ ತಿಂದರೂ ತುರ್ತೇ. ಅಮೆರಿಕದ ಮಿಂಚುಹುಳ ತಿಂದು ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತದ್ದು ದಾಖಲಾಗಿದೆ, ಒಂದೇ ಹುಳ ಸಾಕು. ಮುಂಗಾರಿಗೆ ಮೊದಲು ಮಲೆನಾಡಿನ ಮನೆಗಳೊಳಗೂ ಮಿಂಚುಹುಳ ಬರುತ್ತವೆ. ನಮ್ಮ ಹುಳದ ಮೇಲೆ ಪ್ರಯೋಗ ಮಾಡಿ ನೋಡುವ ಅಗತ್ಯ ಯಾರಿಗೂ ಇಲ್ಲ. ಸಂಜೆ ಪೆಟ್ಟಿಗೆಗೆ ಜಾಲರಿ ಹಾಕಿ.

ಹೆಚ್ಚಾಗಿ ಬರುವ ಕಾಯಿಲೆಗಳು

ಒಂದನೆಯದು ಮೂಳೆ ಮೆತ್ತಗಾಗುವುದು. ಯುವಿಬಿ ಇಲ್ಲದೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುವುದಿಲ್ಲ. ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ. ದವಡೆ ಒತ್ತಿದರೆ ಬಾಗುತ್ತದೆ, ಕಾಲು ಊದುತ್ತದೆ, ಬೆನ್ನು ಸೊಟ್ಟಗಾಗುತ್ತದೆ, ಬೆರಳು ನಡುಗುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಮರಿಗಳಲ್ಲಿ ಇದು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ, ತಿಂಗಳುಗಟ್ಟಲೆ ಬಿಸಿಲೇ ಇರುವುದಿಲ್ಲ, ಅಲ್ವಾ. ಬಾಗಿದ ಬೆನ್ನು ನೆಟ್ಟಗಾಗುವುದಿಲ್ಲ. ಬೇಗ ಹಿಡಿದರೆ ಮುಂದೆ ಬಾಗುವುದನ್ನು ತಡೆಯಬಹುದು. ಅನುಮಾನ ಇರುವ ಪ್ರಾಣಿಯನ್ನು ಎತ್ತುವಾಗ ಹೊಟ್ಟೆಯ ಕೆಳಗೆ ಅಂಗೈ ಕೊಡಿ, ಮೂಳೆ ಸುಲಭಕ್ಕೆ ಮುರಿಯುತ್ತದೆ.

ಸೊಪ್ಪಿನ ವಿಷಯದಲ್ಲಿ ನಮಗೆ ಬರ ಇಲ್ಲ. ನುಗ್ಗೆ ಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಹೂವು ಮತ್ತು ಎಳೆ ಎಲೆ ಒಳ್ಳೆಯವು. ಪಾಲಕ್, ಹರಿವೆ ದಿನಾ ಬೇಡ. ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಬಟರ್ ಫ್ರೂಟ್ ಎಷ್ಟೇ ಹಣ್ಣಾಗಿ ತೋಟದಲ್ಲಿ ಬಿದ್ದಿದ್ದರೂ ಕೊಡಬೇಡಿ, ವಿಷ. ಮೆಣಸಿಗೆ, ಅಡಿಕೆಗೆ ಬೋರ್ಡೋ ಹೊಡೆದ ತೋಟದ ಕೆಳಗಿನ ಸೊಪ್ಪೂ ಬೇಡ, ಅಲ್ಲಿ ಹಿಡಿದ ಮಿಡತೆಯೂ ಬೇಡ. ರೇಷ್ಮೆ ಹುಳ ಮೆತ್ತಗಿದ್ದು ಚೇತರಿಸಿಕೊಳ್ಳುವ ಪ್ರಾಣಿಗೆ ಬಹಳ ಒಳ್ಳೆಯದು. ಆದರೆ ಸಾಕಾಣಿಕೆ ಮನೆಯಲ್ಲಿ ಹುಳದ ಮೇಲೆ ಸೋಂಕುನಿವಾರಕ ಪುಡಿ ಉದುರಿಸುತ್ತಾರೆ. ಪುಡಿ ಹಾಕುವ ಮೊದಲೇ ಒಂದಿಷ್ಟು ಹುಳ ಬೇರೆ ತೆಗೆದುಕೊಡಿ ಅಂತ ರೈತರನ್ನು ಕೇಳಿ.

ಎರಡನೆಯದು ಹೊಟ್ಟೆಯ ಪರೋಪಜೀವಿಗಳು. ಪಿನ್‌ವರ್ಮ್ ಅನ್ನುವ ಸಣ್ಣ ಜಂತುಹುಳ ಸ್ವಲ್ಪ ಮಟ್ಟಿಗೆ ಬಹಳಷ್ಟು ಪ್ರಾಣಿಗಳಲ್ಲಿ ಇರುತ್ತದೆ. ಕಾಕ್ಸಿಡಿಯಾ ಅನ್ನುವ ಕಣ್ಣಿಗೆ ಕಾಣದ ಪರೋಪಜೀವಿ ಜಾಸ್ತಿಯಾದರೆ ಹಿಕ್ಕೆ ತೆಳ್ಳಗಾಗಿ ಕೆಟ್ಟ ವಾಸನೆ ಬರುತ್ತದೆ, ಮರಿ ಬೆಳೆಯುವುದಿಲ್ಲ. ಇದು ನಮ್ಮ ಊರಿನಲ್ಲೇ ಪತ್ತೆ ಮಾಡಬಹುದಾದ ಕಾಯಿಲೆ. ಸಗಣಿ ಪರೀಕ್ಷೆ ಮಾಡುವ ಅದೇ ಮೈಕ್ರೋಸ್ಕೋಪಿನಲ್ಲಿ ಇದನ್ನೂ ನೋಡಬಹುದು. ಹಿಕ್ಕೆ ತಾಜಾ ಇರಬೇಕು. ಮುಚ್ಚಳ ಇರುವ ಚಿಕ್ಕ ಡಬ್ಬಿಗೆ ಹಾಕಿ, ತಡವಾಗುವುದಾದರೆ ಫ್ರಿಜ್‌ನಲ್ಲಿಡಿ. ಫ್ರೀಜರಿನಲ್ಲಿ ಬೇಡ. ಪರೀಕ್ಷೆ ಮಾಡಿಸದೆ ಸುಮ್ನೆ ಜಂತುಹುಳದ ಔಷಧ ಹಾಕಬೇಡಿ. ಪಿನ್‌ವರ್ಮ್ ಔಷಧ ಕಾಕ್ಸಿಡಿಯಾಕ್ಕೆ ಕೆಲಸ ಮಾಡುವುದಿಲ್ಲ. ದನಗಳಿಗೆ ಹಾಕುವ ಐವರ್ಮೆಕ್ಟಿನ್ ಮನೆಯಲ್ಲಿದೆ ಅಂತ ಅದನ್ನು ಮುಟ್ಟಲೇಬೇಡಿ.

ಮಲ ಕಟ್ಟುವುದಕ್ಕೆ ಮರಳು, ದೊಡ್ಡ ಹುಳ, ಕಮ್ಮಿ ಬಿಸಿ ಕಾರಣ. ಭುಜದವರೆಗೆ ಮಾತ್ರ ಬರುವಷ್ಟು, 32 ಡಿಗ್ರಿಯ ಆಸುಪಾಸಿನ ಬೆಚ್ಚನೆಯ ನೀರಿನಲ್ಲಿ 15 ನಿಮಿಷ ಬಿಡಿ, ಪಕ್ಕದಲ್ಲೇ ಕೂತಿರಿ. ತಲೆ ಎತ್ತಲಾರದಷ್ಟು ಸುಸ್ತಾದ ಪ್ರಾಣಿಯನ್ನು ನೀರಿಗೆ ಬಿಡಬೇಡಿ. ಎಣ್ಣೆ ಕುಡಿಸಬೇಡಿ, ಉಸಿರಿನ ಕೊಳವೆಗೆ ಹೋದರೆ ಕಷ್ಟ.

ಚರ್ಮದ ಮೇಲೆ ಹಳದಿ ಚಕ್ಕೆ ಕಟ್ಟಿ ಹರಡುತ್ತಾ ಹೋದರೆ ಅದು ನ್ಯಾನಿಜಿಯಾಪ್ಸಿಸ್ ಅನ್ನುವ ಶಿಲೀಂಧ್ರ ಇರಬಹುದು. ತಿಂಗಳುಗಟ್ಟಲೆ ಚಿಕಿತ್ಸೆ ಬೇಕು, ಬೇರೆ ಪ್ರಾಣಿಗೂ ಅಂಟುತ್ತದೆ. ಇದಕ್ಕೆ ಊರಿನ ವೈದ್ಯರ ಜೊತೆಗೆ ತಜ್ಞರ ಸಲಹೆಯೂ ಬೇಕೇ ಬೇಕು.

ನೋಟ್‌ಬುಕ್

ಇಲ್ಲಿ ಸ್ವಲ್ಪ ಹಟ ಹಿಡಿಯುತ್ತೇನೆ. ಅಡುಗೆ ಮನೆಯಲ್ಲಿ ಬಳಸುವಂಥ ಡಿಜಿಟಲ್ ತಕ್ಕಡಿ ಒಂದನ್ನು ಇದಕ್ಕೇ ಅಂತ ತನ್ನಿ, ಗ್ರಾಂ ಲೆಕ್ಕದ್ದು. ಆರೋಗ್ಯವಾಗಿದ್ದಾಗ ವಾರಕ್ಕೊಮ್ಮೆ, ಕಾಯಿಲೆಯಲ್ಲಿ ದಿನಾ ಬೆಳಿಗ್ಗೆ ಊಟಕ್ಕೆ ಮೊದಲು ತೂಗಿ. ತೂಕ, ಬಿಸಿ ತುದಿ, ತಣ್ಣನೆ ತುದಿ, ತಿಂದದ್ದು, ಹಿಕ್ಕೆ, ಕೊಟ್ಟ ಔಷಧ. ದಿನಕ್ಕೆ ಒಂದು ಸಾಲು ಸಾಕು. ನಾಯಿಗೆ ಜ್ವರ ಇದೆಯಾ ಅಂತ ಥರ್ಮಾಮೀಟರ್ ಇಟ್ಟರೆ ಗೊತ್ತಾಗುತ್ತದೆ. ಇದಕ್ಕೆ ಜ್ವರವೇ ಹಾಗೆ ಕಾಣುವುದಿಲ್ಲ. ವೈದ್ಯರ ಮುಂದೆ ಭಯಕ್ಕೆ ಚುರುಕಾಗಿ ನಿಂತೂ ಬಿಡುತ್ತದೆ. ಅವರಿಗೆ ಕಾಯಿಲೆ ಕಾಣುವುದು ನಿಮ್ಮ ಸಾಲುಗಳಲ್ಲಿ. ಉಸಿರಾಟದ ಅರ್ಧ ನಿಮಿಷದ ವಿಡಿಯೋ, ಪೆಟ್ಟಿಗೆಯ ಪೂರ್ತಿ ಫೋಟೋ, ಯುವಿಬಿ ಟ್ಯೂಬಿನ ಡಬ್ಬಿಯ ಫೋಟೋ ಇವೂ ಫೋನಿನಲ್ಲಿರಲಿ.

ಡಾಕ್ಟರನ್ನು ಹುಡುಕುವುದು

ಇದನ್ನು ಪ್ರಾಣಿ ಚೆನ್ನಾಗಿರುವಾಗಲೇ ಮಾಡಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಚಿಕ್ಕಮಗಳೂರಿನವರಿಗೂ ಅದು ಸುಮಾರು 60 ಕಿಲೋಮೀಟರ್ ಅಷ್ಟೇ. ಇಂಥ ಕಾಲೇಜುಗಳಲ್ಲಿ ಪರೋಪಜೀವಿ ವಿಭಾಗ, ರೋಗಶಾಸ್ತ್ರ ವಿಭಾಗ ಬೇರೆ ಬೇರೆ ಇರುತ್ತವೆ. ಕಡೂರು, ತರೀಕೆರೆ ಕಡೆಯವರಿಗೆ ಶಿವಮೊಗ್ಗದ ಕಾಲೇಜು ಅನುಕೂಲ. ಬೆಂಗಳೂರಿನ ಹೆಬ್ಬಾಳದ ಕಾಲೇಜು ಎಲ್ಲಕ್ಕಿಂತ ಹಳೆಯದು. ಊರಲ್ಲೇ ನಾಯಿ ಬೆಕ್ಕು ನೋಡುವ ಖಾಸಗಿ ವೈದ್ಯರನ್ನೂ ವಿಚಾರಿಸಿ. ಎಕ್ಸ್‌ರೇ ಇದೆಯಾ ಅಂತ ಕೇಳಿ. ಮಲ ಕಟ್ಟಿರುವುದು, ಮೊಟ್ಟೆ, ಮೂಳೆಯ ಗಟ್ಟಿತನ ಮೂರೂ ಅದರಲ್ಲಿ ಕಾಣುತ್ತವೆ.

ಮೊದಲೇ ಫೋನ್ ಮಾಡಿ, ನೇರವಾಗಿ ಹೇಳಿ: "ಸರ್, ನಮ್ಮ ಹತ್ರ ಒಂದು ಬಿಯರ್ಡೆಡ್ ಡ್ರ್ಯಾಗನ್ ಇದೆ, ಆಸ್ಟ್ರೇಲಿಯಾದ ಓತಿಕ್ಯಾತದ ಜಾತಿ. 380 ಗ್ರಾಂ ತೂಕ. ನೀವು ಇಂಥದ್ದು ನೋಡಿಲ್ಲದಿದ್ರೂ ಪರವಾಗಿಲ್ಲ. ಬೆಂಗಳೂರಿನ ಒಬ್ಬರು ಡಾಕ್ಟರ್ ಫೋನಲ್ಲಿ ನಿಮ್ಮ ಜೊತೆ ಮಾತಾಡ್ತಾರೆ. ನೋಡ್ತೀರಾ?" ಹೀಗೆ ಕೇಳಿದರೆ ಒಪ್ಪುವವರು ಜಾಸ್ತಿ. "ನಾನು ಇದನ್ನು ನೋಡಿಲ್ಲ" ಅಂತ ಒಪ್ಪಿಕೊಂಡು "ಕೇಳಿ ಮಾಡೋಣ" ಅನ್ನುವ ಡಾಕ್ಟರ್ ಸಿಕ್ಕರೆ ಬಿಡಬೇಡಿ. ನೋಡದೆಯೇ ಫೋನಿನಲ್ಲಿ ಇಂಜೆಕ್ಷನ್ ಹೆಸರು ಹೇಳುವವರಿಗಿಂತ ಇವರು ಎಷ್ಟೋ ವಾಸಿ. ದೂರದ ತಜ್ಞರಿಗೂ ಫೀಸ್ ಕೊಡಿ. ವಾಟ್ಸಾಪ್‌ನಲ್ಲಿ ಪುಕ್ಕಟೆ ಸಲಹೆ ಒಂದು ಸಲ ಸಿಗಬಹುದು, ಮೂರನೇ ಸಲ ಫೋನ್ ಎತ್ತುವುದಿಲ್ಲ.

ಅಕ್ಕಪಕ್ಕದವರು ಉಡ ಸಾಕಿದ್ದಾರೆ ಅಂದುಕೊಳ್ಳುವುದೂ ಉಂಟು. ಉಡ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ, ಸಾಕುವುದು ಅಪರಾಧ. ಆಸ್ಪತ್ರೆಯಲ್ಲೂ ಆ ಅನುಮಾನ ಬರಬಾರದು ಅಂದರೆ ಕೊಂಡ ಬಿಲ್ಲು, ಕಾಗದ ಪತ್ರ ಜೊತೆಗಿರಲಿ.

ಪ್ರಯಾಣ

ಮೀನಿನ ಅಂಗಡಿಯ ಥರ್ಮಾಕೋಲ್ ಪೆಟ್ಟಿಗೆಯನ್ನು ತೊಳೆದು ಒಣಗಿಸಿ, ಗಾಳಿಗೆ ತೂತು ಮಾಡಿ. ಒಳಗೆ ಟವೆಲ್, ಒಂದು ಬದಿಗೆ ಬಟ್ಟೆ ಸುತ್ತಿದ ಬೆಚ್ಚನೆಯ ನೀರಿನ ಬಾಟಲಿ. ಒಳಗಿನ ಬಿಸಿ 26ರಿಂದ 30 ಇರಲಿ. ಪ್ರೋಬ್ ಥರ್ಮಾಮೀಟರ್ ಇಲ್ಲೂ ಕೆಲಸಕ್ಕೆ ಬರುತ್ತದೆ. ಕಾರಿನಲ್ಲಿ ಎಸಿ ಬೇಡ, ಬಿಸಿಲಿನಲ್ಲಿ ಕಾರು ನಿಲ್ಲಿಸಿ ಒಳಗೆ ಬಿಟ್ಟು ಹೋಗಲೂಬೇಡಿ. ಆಸ್ಪತ್ರೆಯಲ್ಲಿ ನಾಯಿಗಳ ಗದ್ದಲದಿಂದ ದೂರ ಕೂರಿ, ಸಾಧ್ಯವಾದರೆ ಕರೆಯುವವರೆಗೆ ಹೊರಗೇ ಇರಿ.

ಡಾಕ್ಟರ್ ಮುಂದೆ

ನೋಟ್‌ಬುಕ್ ಕೊಡಿ, ಸುಮ್ಮನಿರಿ, ಕೇಳಿದ್ದಕ್ಕೆ ಉತ್ತರ ಹೇಳಿ. ಗೂಗಲ್ ತೆಗೆದು ತೋರಿಸುವುದು ಬೇಡ. ಆದರೆ ಕೆಲವು ವಿಷಯಗಳನ್ನು ವಿನಯವಾಗಿ ಹೇಳಲೇಬೇಕು, ಯಾಕೆಂದರೆ ನಾಯಿಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಸರೀಸೃಪಗಳಲ್ಲಿ ಹಿಂಭಾಗದ ರಕ್ತದ ಒಂದು ಪಾಲು ನೇರ ಮೂತ್ರಪಿಂಡದ ಕಡೆಗೆ ಹೋಗಬಹುದು. ಅದಕ್ಕೇ ಇಂಜೆಕ್ಷನ್ನನ್ನು ದೇಹದ ಮುಂಭಾಗದಲ್ಲಿ ಕೊಡುವುದು ರೂಢಿ. ಎನ್ರೋಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ ಇಂಜೆಕ್ಷನ್ ಬಹಳ ಉರಿಯುತ್ತದೆ, ಚುಚ್ಚಿದ ಜಾಗ ಕೊಳೆಯಲೂಬಹುದು. ಬೇರೆ ದಾರಿ ಇದೆಯಾ ಅಂತ ಕೇಳಿ. ಸೆಫ್ಟಾಜಿಡಿಮ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ಕನ್ನು ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ ಕೊಡುತ್ತಾರೆ. ದಿನಕ್ಕೆರಡು ಸಲ ಅಂತ ಬರೆದಿದ್ದರೆ ತಜ್ಞರಿಗೆ ಒಂದು ಫೋನ್ ಮಾಡೋಣವಾ ಅನ್ನಿ. ಮೂತ್ರಪಿಂಡಕ್ಕೆ ಭಾರವಾಗುವ ನೋವಿನ ಔಷಧ, ಆಂಟಿಬಯೋಟಿಕ್ ಕೊಡುವ ಮೊದಲು ಮೈಯಲ್ಲಿ ನೀರಿನಂಶ ಸರಿಯಿರಬೇಕು. ಇದರ ಬಾಲ ಹಲ್ಲಿಯ ಹಾಗೆ ಕಳಚಿ ಮತ್ತೆ ಬೆಳೆಯುವುದಿಲ್ಲ, ಹಿಡಿಯುವವರಿಗೆ ಅದನ್ನೂ ಹೇಳಿ.

ದಶಮಾಂಶದ ಚುಕ್ಕಿ ಇಲ್ಲಿ ಪ್ರಾಣಕ್ಕೇ ಸಂಬಂಧಿಸಿದ್ದು. ಬರೀ ಲೆಕ್ಕಕ್ಕೆ ಹೇಳುವುದಾದರೆ, ಮಿಲಿಗೆ 100 ಮಿಲಿಗ್ರಾಂ ಇರುವ ಔಷಧದಲ್ಲಿ 4 ಮಿಲಿಗ್ರಾಂ ಅಂದರೆ 0.04 ಮಿಲಿ. 0.4 ಎಳೆದರೆ ಹತ್ತು ಪಟ್ಟು. ಅಷ್ಟು ಕಡಿಮೆಯನ್ನು ಸಿರಿಂಜಿನಲ್ಲಿ ಸರಿಯಾಗಿ ಅಳೆಯಲೂ ಆಗುವುದಿಲ್ಲ, ತೆಳು ಮಾಡಿಕೊಡಿ ಅಂತ ಕೇಳಿ. ಹೊರಡುವ ಮೊದಲು ಔಷಧದ ಹೆಸರು, ಮಿಲಿಗೆ ಎಷ್ಟು ಮಿಲಿಗ್ರಾಂ, ಎಷ್ಟು ಮಿಲಿ, ಎಷ್ಟು ದಿನಕ್ಕೊಮ್ಮೆ, ಎಷ್ಟು ದಿನ, ಒಂದು ಡೋಸ್ ತಪ್ಪಿದರೆ ಏನು ಮಾಡಬೇಕು ಎಲ್ಲ ಬರೆಸಿಕೊಳ್ಳಿ. ಮೊದಲ ಡೋಸನ್ನು ಅವರ ಮುಂದೆ ನೀವೇ ಸಿರಿಂಜಿಗೆ ಎಳೆದು ತೋರಿಸಿ.

ಮನೆಗೆ ಬಂದ ಮೇಲೆ

ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಊಟ. ಈ ಕ್ರಮ ತಪ್ಪಿಸಬೇಡಿ. ತಣ್ಣಗಿರುವ, ಒಣಗಿರುವ ಪ್ರಾಣಿಯ ಹೊಟ್ಟೆಗೆ ಒತ್ತಾಯದಿಂದ ತುರುಕಿದ್ದು ಅರಗದೆ ಕೊಳೆಯುತ್ತದೆ. ಏನೂ ತಿಂದಿಲ್ಲ ಅಂತ ಅಮ್ಮಂದಿರಿಗೆ ಸಂಕಟವಾಗುವುದು ಸಹಜ. ಆದರೆ ದೊಡ್ಡ ಪ್ರಾಣಿ ಕೆಲವು ದಿನ ಉಪವಾಸ ತಡೆಯುತ್ತದೆ.

ನೀರನ್ನು ಸೂಜಿ ಇಲ್ಲದ 1 ಮಿಲಿ ಸಿರಿಂಜಿನಿಂದ ಮೂತಿಯ ಮೇಲೆ ಹನಿಹನಿಯಾಗಿ ಬಿಡಿ. ತಾನೇ ನೆಕ್ಕುತ್ತದೆ. ಬಾಯೊಳಗೆ ರಭಸದಿಂದ ಬಿಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಿ ಮೂಲಕ ಕೊಡುವ ಔಷಧವೂ ಹೀಗೇ. ನೆಕ್ಕದಿದ್ದರೆ ಗಡ್ಡದ ಚರ್ಮವನ್ನು ಮೆಲ್ಲಗೆ ಕೆಳಗೆ ಎಳೆದರೆ ಬಾಯಿ ತೆರೆಯುತ್ತದೆ. ಮೂಳೆ ಮೆತ್ತಗಾದ ಪ್ರಾಣಿಯ ದವಡೆಯನ್ನು ಹಾಗೆ ಎಳೆಯಬೇಡಿ. ವೈದ್ಯರು ಕೈತುತ್ತು ಕೊಡಿ ಅಂದ ಮೇಲೆ ನುಗ್ಗೆ ಸೊಪ್ಪು, ಬೇಯಿಸಿದ ಸಿಹಿಗುಂಬಳ, ರೇಷ್ಮೆ ಹುಳ ರುಬ್ಬಿ ಸೋಸಿ ಕೊಡಬಹುದು. ಎಷ್ಟು ಅನ್ನುವುದನ್ನು ತೂಕ ನೋಡಿ ಅವರೇ ಹೇಳಲಿ. ಚುರುಕಾಯಿತು ಅಂತ ಔಷಧ ಅರ್ಧಕ್ಕೆ ನಿಲ್ಲಿಸಬೇಡಿ.

ಇವುಗಳ ಹಿಕ್ಕೆಯಲ್ಲಿ ಮನುಷ್ಯರಿಗೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಆರೋಗ್ಯವಾಗಿ ಕಂಡರೂ ಸರಿ. ಅಡುಗೆ ಮನೆಯ ಸಿಂಕಿನಲ್ಲಿ ಸ್ನಾನ ಮಾಡಿಸಬೇಡಿ. ತೂಗುವ ತಕ್ಕಡಿ ಅದಕ್ಕೇ ಬೇರೆ ಇರಲಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ಕಾಯಿಲೆ ಪ್ರಾಣಿಯನ್ನು ಮುಟ್ಟುವುದು ಬೇಡ. ಪೆಟ್ಟಿಗೆ ತೊಳೆಯಲು ಫಿನೈಲ್, ಡೆಟಾಲ್ ಬಳಸಬೇಡಿ. ಬ್ಲೀಚ್ ಅನ್ನು ಹತ್ತು ಪಟ್ಟು ನೀರಿನಲ್ಲಿ ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ವಾಸನೆ ಹೋಗುವವರೆಗೆ ಒಣಗಿಸಿ. ಅಲ್ಲಿಯವರೆಗೆ ಪ್ರಾಣಿ ಬೇರೆ ಕೋಣೆಯಲ್ಲಿರಲಿ.

ಔಷಧ ಮುಗಿದ ಮೇಲೆ

ಪರೋಪಜೀವಿಗೆ ಔಷಧ ಕೊಟ್ಟಿದ್ದರೆ ಕೋರ್ಸ್ ಮುಗಿದು ಎರಡು ವಾರಕ್ಕೆ ಹಿಕ್ಕೆಯನ್ನು ಮತ್ತೆ ಪರೀಕ್ಷೆಗೆ ಕೊಡಿ. ಮೂಳೆಯ ಕಾಯಿಲೆಗೆ ಕೆಲವು ತಿಂಗಳ ನಂತರ ಇನ್ನೊಂದು ಎಕ್ಸ್‌ರೇ ಬೇಕಾಗಬಹುದು. ಫಲಿತಾಂಶವನ್ನು ಊರಿನ ಡಾಕ್ಟರಿಗೂ ಕಳಿಸಿ. ಮುಂದಿನ ಸಲ ಇಂಥದ್ದೇ ಪ್ರಾಣಿ ಬಂದಾಗ ಅವರಿಗೆ ನಿಮ್ಮ ಕೇಸ್ ಕೆಲಸಕ್ಕೆ ಬರುತ್ತದೆ.

ಉಳಿಯದಿದ್ದರೆ, ಮನೆಯಲ್ಲಿ ಇನ್ನೊಂದು ಪ್ರಾಣಿ ಇದ್ದರೆ, ಮರಣೋತ್ತರ ಪರೀಕ್ಷೆ ಮಾಡಿಸಿ. ಅಡೆನೋವೈರಸ್‌ನಂಥವು ಹೊರಗಿಂದ ಗೊತ್ತಾಗುವುದಿಲ್ಲ, ಅದಕ್ಕೆ ಔಷಧವೂ ಇಲ್ಲ. ದೇಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನ ಕೆಳಗಿನ ಭಾಗದಲ್ಲಿಟ್ಟು, ಒಂದು ದಿನದೊಳಗೆ ಕಾಲೇಜಿನ ರೋಗಶಾಸ್ತ್ರ ವಿಭಾಗಕ್ಕೆ ಫೋನ್ ಮಾಡಿ ತಲುಪಿಸಿ. ಫ್ರೀಜರಿನಲ್ಲಿ ಇಟ್ಟರೆ ಜೀವಕೋಶಗಳು ಒಡೆದು ಪರೀಕ್ಷೆಗೆ ಕಷ್ಟವಾಗುತ್ತದೆ. ವರದಿ ಬರುವ ತನಕ ಹೊಸ ಪ್ರಾಣಿ ತರಬೇಡಿ. ತಂದ ಮೇಲೂ ಮೂರು ತಿಂಗಳು ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಇಕ್ಕಳ.